ಗೆಳತಿಗೊಂದು ಪತ್ರ, ಐದು ಅಂಕ

ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆಯ ಕೊನೆಯ ಭಾಗದಲ್ಲಿ ಬರುವ ಆ ಪ್ರಶ್ನೆಯ ಧಾಟಿ ಎಲ್ಲರಿಗೂ ಬಾಯಿಪಾಠ. ನಿಮ್ಮನ್ನು ಶಿವಮೊಗ್ಗದ ಯಾವುದೋ ಪ್ರೌಢಶಾಲೆಯ ಸೌಮ್ಯ ಎಂದು ಭಾವಿಸಿಕೊಂಡು, ಶಾಲಾ ವಾರ್ಷಿಕೋತ್ಸವದ ಬಗ್ಗೆ ಧಾರವಾಡದ ಗೆಳತಿ ರಶ್ಮಿಗೆ ಪತ್ರ ಬರೆಯಿರಿ. ಬರೆಯುವ ಹುಡುಗಿ ಸೌಮ್ಯ ಅಲ್ಲ, ರಶ್ಮಿ ಎಂಬವಳು ಎಲ್ಲೂ ಇಲ್ಲ, ವಾರ್ಷಿಕೋತ್ಸವ ಆ ವರ್ಷ ನಡೆದಿತ್ತೋ ಇಲ್ಲವೋ ದೇವರೇ ಬಲ್ಲ. ಆದರೂ ಕ್ಷೇಮ ಎಂದು ಮೇಲೆ ಬರೆದು, ಸ್ಥಳ ದಿನಾಂಕ ಹಾಕಿ, ‘ನಿನ್ನ ಪತ್ರ ತಲುಪಿತು, ಓದಿ ಸಂತೋಷವಾಯಿತು’ ಎಂದು ಬಾರದ ಪತ್ರಕ್ಕೆ ಸಂತೋಷಪಟ್ಟು, ಕೊನೆಗೆ ಎಡಗಡೆ ಚೌಕದಲ್ಲಿ ಹೊರವಿಳಾಸ ಬರೆದರೆ ಐದಕ್ಕೆ ನಾಲ್ಕು, ನಾಲ್ಕೂವರೆ ಗ್ಯಾರಂಟಿ. ಹೀಗೆ ನಮ್ಮ ಮಕ್ಕಳು ಹತ್ತು ವರ್ಷ ಪತ್ರ ಬರೆಯುವುದನ್ನು ಕಲಿಯುತ್ತಾರೆ. ಅಷ್ಟೂ ವರ್ಷ ಒಂದು ಪತ್ರಕ್ಕೂ ಉತ್ತರ ಬಂದಿರುವುದಿಲ್ಲ.

ಬಹಳ ಕಾಲದಿಂದ ಕೊರೆಯುತ್ತಿರುವುದು ಇದೇ. ಈ ಕೊರತೆ ನೀಗಿಸಲೆಂದು ಶುರುವಾಗುವ ಯೋಜನೆಗಳೂ ಅದೇ ಹಳ್ಳಕ್ಕೆ ಬೀಳುತ್ತವೆ. ಎರಡು ಶಾಲೆಗಳ ಮಕ್ಕಳು ಪತ್ರ ಬರೆದುಕೊಳ್ಳಲಿ ಎಂದು ಯಾರೋ ಉತ್ಸಾಹಿ ಶಿಕ್ಷಕಿ ಹೊರಡುತ್ತಾರೆ. ಮೊದಲ ಕಂತು ಹೋಗುತ್ತದೆ, ಫೋಟೊ ತೆಗೆಯಲಾಗುತ್ತದೆ, ಸ್ಥಳೀಯ ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿ ಬರುತ್ತದೆ. ಉತ್ತರ ಬರುವುದಿಲ್ಲ, ಅಥವಾ ಬಂದರೂ ಅರ್ಧ ತರಗತಿಗೆ ಬರುತ್ತದೆ. ಅಂಚೆ ಇಲಾಖೆ 2017ರಿಂದ ನಡೆಸುತ್ತಿರುವ ‘ಢಾಯಿ ಆಖರ್’ ಪತ್ರ ಬರೆಯುವ ಅಭಿಯಾನವಾಗಲಿ, ವಿಶ್ವ ಅಂಚೆ ಒಕ್ಕೂಟ 1971ರಿಂದ 9ರಿಂದ 15 ವರ್ಷದ ಮಕ್ಕಳಿಗೆ ನಡೆಸುತ್ತಿರುವ ಸ್ಪರ್ಧೆಯಾಗಲಿ ಒಳ್ಳೆಯವೇ, ಆದರೆ ಅಲ್ಲಿ ಬರುವುದು ಬಹುಮಾನ. ಮಗುವಿನ ಎಮ್ಮೆ ಹೇಗಿದೆ ಎಂದು ಚೀಫ್ ಪೋಸ್ಟ್‌ಮಾಸ್ಟರ್ ಜನರಲ್ ಕೇಳಿ ಬರೆಯುವುದಿಲ್ಲ.

ಮೊದಲ ಪತ್ರ ಬರೆಸುವುದು ಸುಲಭ. ಎರಡನೆಯದು, ಅಂದರೆ ಇನ್ನೊಬ್ಬರ ಪತ್ರವನ್ನು ಎದುರಿಗಿಟ್ಟುಕೊಂಡು ಬರೆಯುವುದು, ಅಲ್ಲಿಂದ ಕಲಿಕೆ ಶುರು. ಆದ್ದರಿಂದ ಇಡೀ ಯೋಜನೆಯನ್ನು ಉತ್ತರದ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು ಎಂಬುದು ನನ್ನ ವಾದ. ಕೆಳಗಿನದೆಲ್ಲ ಅದರ ವಿವರ.

ಜೋಡಿ ಹಾಕುವ ಕೆಲಸ

ಜೂನ್‌ನಲ್ಲಿ ಶುರು ಮಾಡಬಾರದು. ದಾಖಲಾತಿ ಇನ್ನೂ ನಡೆಯುತ್ತಿರುತ್ತದೆ, ಟಿಸಿ ತೆಗೆದುಕೊಂಡು ಹೋಗುವವರು ಹೋಗುತ್ತಿರುತ್ತಾರೆ, ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗ್ ಸುದ್ದಿ ಗಾಳಿಯಲ್ಲಿರುತ್ತದೆ. ಜುಲೈ ಎರಡನೇ ವಾರದ ಹಾಜರಿ ಪುಸ್ತಕವೇ ಜೋಡಿಗೆ ಆಧಾರ. ಈ ಕಡೆ 31 ಮಕ್ಕಳು, ಆ ಕಡೆ 26 ಎಂದಿಟ್ಟುಕೊಳ್ಳಿ. ಸಮ ಸಂಖ್ಯೆಯ ತರಗತಿ ಹುಡುಕುತ್ತಾ ಕೂತರೆ ವರ್ಷ ಮುಗಿಯುತ್ತದೆ. 26ರ ಕಡೆಯಲ್ಲಿ ಐದು ಮಕ್ಕಳು ಇಬ್ಬರಿಗೆ ಬರೆಯಬೇಕಾಗುತ್ತದೆ. ಆ ಐವರನ್ನು ಟೀಚರ್ ಆರಿಸಬಾರದು, ಯಾರಿಗೆ ಇಷ್ಟ ಎಂದು ಕೇಳಬೇಕು. ಟೀಚರ್ ಆರಿಸಿದರೆ ಅಕ್ಷರ ದುಂಡಾಗಿರುವವರೇ ಸಿಗುತ್ತಾರೆ. ಅಕ್ಷರ ದುಂಡಾಗಿದ್ದವರಿಗೆಲ್ಲ ಹೇಳುವುದು ಬಹಳ ಇರುತ್ತದೆ ಎಂದೇನಿಲ್ಲ.

ಜೋಡಿಯನ್ನು ಹಾಜರಿ ಸಂಖ್ಯೆಯ ಪ್ರಕಾರ ಹಾಕುವುದೇ ವಾಸಿ. ಆಸಕ್ತಿ ನೋಡಿ ಹಾಕುತ್ತೇವೆಂದು ಹೊರಟರೆ ಕ್ರಿಕೆಟ್ ಎಂದು ಬರೆದ ಹತ್ತೊಂಬತ್ತು ಹುಡುಗರು ಒಂದು ಕಡೆ, ಡ್ಯಾನ್ಸ್ ಎಂದು ಬರೆದ ಹುಡುಗಿಯರು ಇನ್ನೊಂದು ಕಡೆ ಉಳಿಯುತ್ತಾರೆ. ಹುಡುಗ ಹುಡುಗಿ ಜೋಡಿ ಬಂದರೆ ಕೆಲವು ಊರುಗಳಲ್ಲಿ ಪೋಷಕರು ಕೇಳುತ್ತಾರೆ. ಅದಕ್ಕೆ ಮೊದಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು, ಎಲ್ಲ ಪತ್ರಗಳೂ ಶಾಲೆಯ ವಿಳಾಸಕ್ಕೇ ಬರುತ್ತವೆ, ಟೀಚರ್ ಓದಿಯೇ ಕೊಡುತ್ತಾರೆ ಎಂದು ಹೇಳಿಬಿಟ್ಟರೆ ತಕರಾರು ಬಹುಪಾಲು ಅಲ್ಲೇ ಮುಗಿಯುತ್ತದೆ.

ಎಷ್ಟೋ ಕಡೆ ಎಡವುವುದು ಇನ್ನೊಂದು ಜಾಗದಲ್ಲಿ. ಎರಡೂ ಶಾಲೆಗಳು ಒಂದೇ ವಾರ ಮೊದಲ ಪತ್ರ ಬರೆದು ಕಳಿಸುತ್ತವೆ. ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗುತ್ತವೆ. ಎರಡೂ ಕಡೆ ಪ್ರಶ್ನೆ ಕೇಳಿರುತ್ತಾರೆ, ಯಾರೂ ಉತ್ತರಿಸಿರುವುದಿಲ್ಲ, ಈಗ ಯಾರು ಮೊದಲು ಬರೆಯಬೇಕು ಎಂಬುದೇ ಗೊಂದಲ. ಶುರು ಮಾಡುವುದು ಒಂದೇ ಶಾಲೆಯಾಗಬೇಕು. ಜುಲೈ ಕೊನೆಗೆ ಈ ಕಡೆಯ ಮೊದಲ ಪತ್ರ, ಆಗಸ್ಟ್ ಮೂರನೇ ವಾರಕ್ಕೆ ಆ ಕಡೆಯ ಉತ್ತರ (ಅದಕ್ಕಿಂತ ಮೊದಲು ಆಗದು, ಸ್ವಾತಂತ್ರ್ಯ ದಿನದ ತಾಲೀಮು), ದಸರಾ ರಜೆಗೆ ಮುಂಚೆ ಎರಡನೇ ಪತ್ರ, ನವೆಂಬರ್‌ನಲ್ಲಿ ಉತ್ತರ, ಡಿಸೆಂಬರ್, ಜನವರಿ, ಫೆಬ್ರವರಿ ಮೊದಲ ವಾರ. ಒಂದು ಮಗುವಿನ ಕೈಗೆ ವರ್ಷಕ್ಕೆ ಮೂರೋ ನಾಲ್ಕೋ ಪತ್ರ. ಅದಕ್ಕಿಂತ ಹೆಚ್ಚು ಯಾರಾದರೂ ಯೋಜನಾ ವರದಿಯಲ್ಲಿ ಬರೆದಿದ್ದರೆ ಅದು ಕಾಗದದ ಮೇಲಿನ ಮಾತು.

ಇದರ ನಡುವೆ ಸರ್ಕಾರಿ ಶಾಲೆಗೆ ಏನು ಬೇಕಾದರೂ ಬಂದೆರಗಬಹುದು. 2025ರ ದಸರಾ ಹೊತ್ತಿಗೆ ಶಿಕ್ಷಕರೆಲ್ಲ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಹೋದರು, ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಚುನಾವಣೆ, ಜನಗಣತಿ, ತರಬೇತಿ ಯಾವುದು ಬಂದರೂ ಮೊದಲು ನಿಲ್ಲುವುದು ಪಠ್ಯದಲ್ಲಿಲ್ಲದ ಕೆಲಸ. ಹಾಗಾಗಿ ಎರಡೂ ಶಾಲೆಗಳಲ್ಲಿ ಇಬ್ಬಿಬ್ಬರು ಶಿಕ್ಷಕರು ಜವಾಬ್ದಾರಿ ಹೊರಬೇಕು. ಒಬ್ಬರನ್ನೇ ನಂಬಿದ ಯೋಜನೆ ಅವರ ವರ್ಗಾವಣೆಯ ದಿನ ಸಾಯುತ್ತದೆ.

ಇಷ್ಟದ ಬಣ್ಣ ಯಾವುದು?

ಬೋರ್ಡಿನ ಮೇಲೆ ಮಾದರಿ ಬರೆದುಕೊಟ್ಟು ಬರೆಸಿದ ಪತ್ರ ಹೀಗಿರುತ್ತದೆ: ‘ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ನಾನು ಆರನೇ ತರಗತಿ. ನಮ್ಮ ತಂದೆ ರೈತರು. ನಮ್ಮ ಊರಿನಲ್ಲಿ ಒಂದು ಕೆರೆ ಇದೆ. ನಮ್ಮ ಶಾಲೆ ತುಂಬಾ ಚೆನ್ನಾಗಿದೆ. ನಿನ್ನ ಇಷ್ಟದ ಬಣ್ಣ ಯಾವುದು?’ ಇಂಥ ಮೂವತ್ತೊಂದು ಪತ್ರಗಳ ಕಟ್ಟು ಆ ಕಡೆ ಬಿಚ್ಚಿಕೊಳ್ಳುತ್ತದೆ. ಮೊದಲು ಗದ್ದಲ, ನನ್ನದೆಲ್ಲಿ ನನ್ನದೆಲ್ಲಿ. ಐದು ನಿಮಿಷದಲ್ಲಿ ಪಕ್ಕದವನದ್ದನ್ನು ಇಣುಕಿ ನೋಡುತ್ತಾರೆ, ಅವನಿಗೂ ಅದೇ ಕೆರೆ, ಅದೇ ಬಣ್ಣ. ಹತ್ತು ನಿಮಿಷಕ್ಕೆ ಪತ್ರ ಬ್ಯಾಗಿನೊಳಗೆ. ಇಷ್ಟದ ಬಣ್ಣದ ಪ್ರಶ್ನೆಗೆ ಉತ್ತರ ‘ಕೆಂಪು’. ಅಲ್ಲಿಗೆ ಸ್ನೇಹ ಮುಗಿಯಿತು.

ಮಾದರಿ ಬೇಡ ಎಂದರೆ ಸಾಲದು, ಬದಲಿಗೆ ಏನಾದರೂ ಕೊಡಬೇಕು. ಒಂದು ಪೀರಿಯಡ್ ಬರೆಯುವ ಮುಂಚಿನ ಮಾತಿಗೇ ಮೀಸಲಿಡಿ. ಒಂದು ಮಗು ಎದ್ದು ಒಂದು ವಾಕ್ಯ ಹೇಳಲಿ, ‘ನಮ್ಮನೇಲಿ ಎರಡು ಎಮ್ಮೆ ಇವೆ.’ ಉಳಿದವರು ಐದು ಪ್ರಶ್ನೆ ಕೇಳಬೇಕು. ಹಾಲು ಯಾರು ಕರೀತಾರೆ? ಒದೆಯುತ್ತಾ? ಮಳೆಗಾಲದಲ್ಲಿ ಎಲ್ಲಿ ಕಟ್ತೀರಿ? ಡೇರಿಗೆ ಎಷ್ಟು ಲೀಟರ್ ಹಾಕ್ತೀರಿ? ಒಂದು ಮಾರಿದರೆ ಯಾವುದನ್ನು ಮಾರ್ತೀರಿ? ಕೊನೆಯ ಪ್ರಶ್ನೆಗೆ ಆ ಹುಡುಗ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ದೊಡ್ಡ ಕಥೆಯನ್ನೇ ಹೇಳುತ್ತಾನೆ. ‘ಅದನ್ನೇ ಬರಿ’ ಎಂದರಾಯಿತು, ಪತ್ರದ ಒಂದು ಪ್ಯಾರಾ ಸಿದ್ಧ. ಮರುದಿನ ಕರಡು. ಅದರ ಮರುದಿನ ಕರಡನ್ನು ಪಕ್ಕದವರು ಓದಿ, ತಮಗೆ ಇನ್ನಷ್ಟು ಕೇಳಬೇಕೆನಿಸಿದ ಕಡೆ ಪೆನ್ಸಿಲ್‌ನಲ್ಲಿ ಅಡಿಗೆರೆ ಹಾಕುತ್ತಾರೆ. ನಾಲ್ಕನೇ ದಿನ ನೀಟ್ ಕಾಪಿ. ಪ್ರತಿ ಪತ್ರದಲ್ಲಿ ಇರಲೇಬೇಕಾದ್ದು ಎರಡೇ. ಆ ತರಗತಿಯಲ್ಲಿ ಬೇರೆ ಯಾರೂ ಬರೆಯಲಾಗದ ಒಂದು ಸಂಗತಿ, ಒಂದೇ ಪದದಲ್ಲಿ ಉತ್ತರಿಸಲಾಗದ ಒಂದು ಪ್ರಶ್ನೆ. ಎರಡನೇ ಪತ್ರದಿಂದ ಮೂರನೆಯದೊಂದು ಸೇರುತ್ತದೆ: ಅವರು ಕೇಳಿದ್ದಕ್ಕೆ ಉತ್ತರ.

ತಿದ್ದುವ ವಿಷಯ. ಕೆಂಪು ಶಾಯಿ ನೀಟ್ ಕಾಪಿಯ ಹತ್ತಿರ ಸುಳಿಯಬಾರದು. ಕರಡಿನಲ್ಲಿ ಓದುಗನಿಗೆ ಅರ್ಥವೇ ಆಗದಂಥ ತಪ್ಪನ್ನು ಮಾತ್ರ ಮಗುವಿಗೆ ತೋರಿಸಿ, ಉಳಿದದ್ದು ಹಾಗೇ ಹೋಗಲಿ. ಒತ್ತಕ್ಷರ ತಪ್ಪಿದ ಪತ್ರ ಓದಿದ ಮಗು ‘ನೀನು ಬರೆದದ್ದು ಒಂದು ಕಡೆ ತಿಳೀಲಿಲ್ಲ’ ಎಂದು ವಾಪಸ್ ಬರೆದರೆ, ಅದು ಹತ್ತು ಸಲದ ಕಾಗುಣಿತಕ್ಕಿಂತ ಬೇಗ ನಾಟುತ್ತದೆ. ಕಲಬುರಗಿಯ ಹುಡುಗ ತನ್ನ ಮಾತಿನಲ್ಲೇ ಬರೆದರೆ ಅದನ್ನು ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸುವ ಉಸಾಬರಿಯೂ ಬೇಡ. ಆರನೇ ತರಗತಿಗೆ ಬಂದರೂ ಸರಾಗವಾಗಿ ಬರೆಯಲಾಗದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು. ಅವರು ಹೇಳಲಿ, ಏಳನೇ ತರಗತಿಯ ಯಾರಾದರೂ ಬರೆದುಕೊಳ್ಳಲಿ, ಕೊನೆಯ ಎರಡು ಸಾಲು ಮತ್ತು ಹೆಸರು ಮಾತ್ರ ಅವರದೇ ಕೈಬರಹ. ಜನವರಿ ಹೊತ್ತಿಗೆ ಎರಡು ಸಾಲು ಆರಾಗಿರುತ್ತದೆ, ಯಾಕೆಂದರೆ ಕೆಲವು ಮಾತನ್ನು ಏಳನೇ ತರಗತಿಯವನಿಗೆ ಹೇಳಿ ಬರೆಸಲು ಇಷ್ಟವಿರುವುದಿಲ್ಲ.

ಪತ್ರ ಬಂದಾಗಲೂ ಒಂದು ಪೀರಿಯಡ್ ಬೇಕು. ಮಗು ತನ್ನ ಪತ್ರ ಓದಿ, ಅದರಲ್ಲಿನ ಪ್ರಶ್ನೆಗಳಿಗೆ ಪೆನ್ಸಿಲ್ ಗುರುತು ಹಾಕಿ, ಅದನ್ನು ಎದುರಿಗಿಟ್ಟುಕೊಂಡೇ ಉತ್ತರ ಬರೆಯಬೇಕು. ನಮ್ಮಲ್ಲಿ ನಡೆಯುವುದು ಉಲ್ಟಾ. ಬಂದ ಪತ್ರಗಳನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು ಬಂದಾಗ ತೋರಿಸಲೆಂದು ಮುಖ್ಯ ಶಿಕ್ಷಕರ ಕಪಾಟಿನಲ್ಲಿ ಜೋಪಾನ ಮಾಡುತ್ತಾರೆ, ಇಲ್ಲವೇ ಚಾರ್ಟಿಗೆ ಅಂಟಿಸುತ್ತಾರೆ. ಮಕ್ಕಳು ನೆನಪಿನಿಂದ ಉತ್ತರ ಬರೆಯುತ್ತಾರೆ, ಅಂದರೆ ಮತ್ತೆ ‘ನಾನು ಕ್ಷೇಮ’.

ಟಪಾಲಿನ ಲೆಕ್ಕ

ಎ4 ಹಾಳೆ ಒಂದಕ್ಕೆ 5 ಗ್ರಾಂ. ಸಾಮಾನ್ಯ ಕವರ್‌ನ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ ಸ್ಟ್ಯಾಂಪು, ಅಂದರೆ ಕವರೂ ಸೇರಿ ಮೂರು ಹಾಳೆ ನಿರಾಯಾಸ. ಮೂವತ್ತು ಮಕ್ಕಳಿಗೆ ಬೇರೆ ಬೇರೆ ಕವರ್ ಎಂದರೆ 150 ರೂಪಾಯಿ. ಇನ್‌ಲ್ಯಾಂಡ್ (ಬರೆದು ಮಡಚಿ ಅಂಟಿಸುವ ಅಂಚೆ ಹಾಳೆ) ಎರಡೂವರೆ ರೂಪಾಯಿಯಂತೆ ಮೂವತ್ತಕ್ಕೆ 75. ಮೂವತ್ತು ಪತ್ರಗಳನ್ನು ಒಂದೇ ದೊಡ್ಡ ಕವರಿಗೆ ಹಾಕಿದರೆ ತೂಕ ಸುಮಾರು 170 ಗ್ರಾಂ. ಇನ್ನೂರರಿಂದ ಐನೂರು ಕಿಲೋಮೀಟರ್ ದೂರಕ್ಕೆ ಸ್ಪೀಡ್ ಪೋಸ್ಟ್ ಮಾಡಿದರೆ ತೆರಿಗೆ ಸೇರಿ ಅದೂ ಹತ್ತಿರ ಹತ್ತಿರ 75 ರೂಪಾಯಿ. ಪೋಸ್ಟ್ ಕಾರ್ಡಿಗೆ 50 ಪೈಸೆ, ಮೂವತ್ತು ಮಕ್ಕಳಿಗೆ 15 ರೂಪಾಯಿ. ಇಷ್ಟು ಅಗ್ಗದ ಕೆಲಸಕ್ಕೆ ಪ್ರಾಯೋಜಕರನ್ನು ಹುಡುಕುವವರನ್ನು ಕಂಡರೆ ನಗು ಬರುತ್ತದೆ.

ಹಾಗಾದರೆ ಯಾವುದು? ಕಟ್ಟು ಕಳಿಸಿದರೆ ಎಲ್ಲವೂ ಒಟ್ಟಿಗೆ ತಲುಪುತ್ತವೆ, ಎಲ್ಲಿವೆ ಎಂದು ನೋಡಬಹುದು. ಇನ್‌ಲ್ಯಾಂಡ್ ಆದರೆ ಒಂದೊಂದಾಗಿ ಎರಡು ಮೂರು ದಿನ ಬರುತ್ತವೆ, ಒಂದೋ ಎರಡೋ ಬರದೇ ಹೋಗಬಹುದು, ಆದರೆ ಮಗು ತನ್ನ ಕೈಯಾರೆ ಕೆಂಪು ಡಬ್ಬಿಗೆ ಹಾಕಿರುತ್ತದೆ, ಪೋಸ್ಟ್‌ಮ್ಯಾನ್ ಅದರ ಹೆಸರು ಓದಿರುತ್ತಾನೆ. ಮೊದಲ ಮತ್ತು ಕೊನೆಯ ಸುತ್ತು ಕಟ್ಟಿನಲ್ಲಿ, ನಡುವಿನದ್ದು ಇನ್‌ಲ್ಯಾಂಡಿನಲ್ಲಿ ಹೋಗಲಿ ಎನ್ನುತ್ತೇನೆ. ಇನ್‌ಲ್ಯಾಂಡಿನೊಳಗೆ ಏನನ್ನೂ ಇಡುವಂತಿಲ್ಲ. ಇಟ್ಟರೆ ಅದನ್ನು ಕವರ್ ಪತ್ರವೆಂದು ಲೆಕ್ಕ ಹಾಕುತ್ತಾರೆ, ಸ್ಟ್ಯಾಂಪು ಕಡಿಮೆ ಬಿದ್ದರೆ ಆ ಕೊರತೆಯ ಎರಡರಷ್ಟನ್ನು ಪಡೆಯುವವರಿಂದ ವಸೂಲಿ ಮಾಡುತ್ತಾರೆ. ನವಿಲುಗರಿಯ ಚೂರು, ಬಿಂದಿ, ಸ್ಟಿಕ್ಕರ್ ಒಳಗಿಡದ ಮಕ್ಕಳಿಲ್ಲ, ಹಾಗಾಗಿ ಅಂಟಿಸುವ ಮುನ್ನ ಒಮ್ಮೆ ಕೊಡವಿ ನೋಡಬೇಕು. ಅಂಟು ಇರುವ ಪಟ್ಟಿಯ ಮೇಲೆ ಬರೆಯಬೇಡಿ ಎಂದು ಎರಡು ಸಲ ಹೇಳಬೇಕು, ಮೂರನೇ ಸಲವೂ ಯಾರೋ ಬರೆದಿರುತ್ತಾರೆ. ಬಿಚ್ಚುವಾಗ ಅದೇ ಸಾಲು ಹರಿಯುತ್ತದೆ.

ಹಳ್ಳಿಯ ಬ್ರಾಂಚ್ ಆಫೀಸಿನಲ್ಲಿ ಒಮ್ಮೆಗೇ ಮೂವತ್ತು ಇನ್‌ಲ್ಯಾಂಡ್ ಸಿಗುವುದು ಕಷ್ಟ. ಪೋಸ್ಟ್‌ಮಾಸ್ಟರಿಗೆ ವಾರದ ಮೊದಲೇ ಹೇಳಿಟ್ಟರೆ ಸಬ್ ಆಫೀಸಿನಿಂದ ತರಿಸುತ್ತಾರೆ. ವಿಳಾಸದಲ್ಲಿ ಶಾಲೆ, ಊರು, ತಾಲ್ಲೂಕು, ಜಿಲ್ಲೆ, ಪಿನ್ ಇದ್ದರೆ ಮುಗಿಯಿತು ಎಂದುಕೊಳ್ಳುತ್ತಾರೆ. ‘ಅಂಚೆ’ ಎಂಬ ಸಾಲು, ಅಂದರೆ ಯಾವ ಅಂಚೆ ಕಚೇರಿ ಎಂಬುದು, ಬಿಟ್ಟುಹೋಗುತ್ತದೆ. ಒಂದು ಪಿನ್ ಕೋಡಿನ ಕೆಳಗೆ ಹಲವು ಬ್ರಾಂಚ್ ಆಫೀಸುಗಳಿರುತ್ತವೆ, ಹೊಸಹಳ್ಳಿ ಕೊಡಿಹಳ್ಳಿಗಳಂತೂ ತಾಲ್ಲೂಕಿಗೆ ಒಂದಾದರೂ ಇರುತ್ತವೆ. ಪಿನ್ ಪದ್ಧತಿ 1972ರ ಆಗಸ್ಟ್ 15ರಂದು ಬಂದದ್ದೇ ಇಂಥ ಒಂದೇ ಹೆಸರಿನ ಊರುಗಳ ಗೋಜಲು ಬಿಡಿಸಲು. ಕರ್ನಾಟಕದ್ದು 56ರಿಂದ 59ರೊಳಗೆ ಶುರುವಾಗುತ್ತದೆ, ಮಗು 65 ಎಂದು ತಿರುಗಿಸಿ ಬರೆದರೆ ಪತ್ರ ದಾರಿ ತಪ್ಪುತ್ತದೆ.

ಕಳಿಸುವ ಮುನ್ನ ಪ್ರತಿ ಪತ್ರದ ಫೋಟೊ ಮೊಬೈಲಿನಲ್ಲಿ ತೆಗೆದಿಡುವುದು ಹತ್ತು ನಿಮಿಷದ ಕೆಲಸ. ಕಳೆದುಹೋದದ್ದನ್ನು ಪ್ರಿಂಟ್ ತೆಗೆದು ಕೊಡಬಹುದು. ಜತೆಗೊಂದು ವಹಿ ಬೇಕು: ನಮ್ಮ ಮಗು, ಅವರ ಮಗು, ಕಳಿಸಿದ ದಿನ, ಬಂದ ದಿನ, ಕೊನೆಯ ಕಾಲಂ ‘ಬಾಕಿ ಪ್ರಶ್ನೆ’. ಅವರು ಕೇಳಿ ನಮ್ಮ ಮಗು ಉತ್ತರಿಸದೇ ಬಿಟ್ಟದ್ದು ಅಲ್ಲಿ ಒಂದೆರಡು ಪದದಲ್ಲಿ ಬರುತ್ತದೆ. ಮುಂದಿನ ಸುತ್ತಿಗೆ ಮುಂಚೆ ಆ ಕಾಲಂ ಓದಿ ಹೇಳಿದರೆ ಸಾಕು.

ಕಟ್ಟು ಬಿಚ್ಚುವ ದಿನ ಒಬ್ಬಳ ಹೆಸರು ಬರುವುದಿಲ್ಲ. ಆ ಕಡೆಯ ಹುಡುಗ ಬರೆಯುವ ವಾರ ಜ್ವರದಿಂದ ರಜೆ ಹಾಕಿದ್ದ, ಇಲ್ಲವೇ ಕಬ್ಬು ಕಡಿಯುವ ಗುಂಪಿನೊಂದಿಗೆ ಅಪ್ಪ ಅಮ್ಮನ ಜತೆ ಹೊರಟುಹೋದ. ಈ ಕಡೆಯ ಹುಡುಗಿ ಕೊನೆಯ ಪತ್ರ ಕೊಡುವವರೆಗೂ ಕತ್ತು ಉದ್ದ ಮಾಡಿ ನೋಡಿ, ಆಮೇಲೆ ನೋಟ್ ಬುಕ್ಕಿನ ಲೇಬಲ್ಲನ್ನು ಉಗುರಿನಿಂದ ಕೆರೆಯುತ್ತಾಳೆ. ಇದು ಪ್ರತಿ ಯೋಜನೆಯಲ್ಲೂ ಆಗುತ್ತದೆ, ಆಗುತ್ತದೆಂದು ಗೊತ್ತಿದ್ದೂ ತಯಾರಿ ಮಾಡದಿರುವುದು ಸಲ್ಲದು. ಕಳಿಸುವ ಶಾಲೆ ಕಟ್ಟನ್ನು ಅಂಟಿಸುವ ಮುಂಚೆ ವಹಿ ಹಿಡಿದು ಎಣಿಸಬೇಕು, ಕಡಿಮೆ ಬಿದ್ದರೆ ಬೇರೊಬ್ಬ ಮಗು ಅವನ ಪರವಾಗಿ ಬರೆಯಬೇಕು, ‘ಅವನು ರಜೆಯಲ್ಲಿದ್ದಾನೆ, ನಿನ್ನ ಪತ್ರ ನಾನು ಓದಿದೆ’ ಎಂದು. ಟೀಚರ್ ಬರೆದರೂ ಆದೀತು, ಆದರೆ ಮಗು ಬರೆದದ್ದರ ಮುಂದೆ ಅದು ಸಪ್ಪೆ.

ಚೀಟಿಗಳಿಂದ ಒಂದು ಪತ್ರ

ಶಾಲೆಗಳ ನಡುವಿನ ಪತ್ರ ವ್ಯವಹಾರವನ್ನು ಪಾಠದ ನಡುಮನೆಗೆ ತಂದವರಲ್ಲಿ ಮುಖ್ಯ ಹೆಸರು ಫ್ರಾನ್ಸಿನ ಸೆಲೆಸ್ಟಿನ್ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ, ಹೆಚ್ಚು ಹೊತ್ತು ನಿಂತು ಮಾತನಾಡಲಾಗದ ಮೇಷ್ಟ್ರು. 1920ರ ದಶಕದಲ್ಲಿ ಬಾರ್-ಸ್ಯೂರ್-ಲೂ ಎಂಬ ದಕ್ಷಿಣದ ಬೆಟ್ಟದೂರಿನ ಶಾಲೆಗೆ ಪುಟ್ಟ ಮುದ್ರಣ ಯಂತ್ರ ತಂದು, ಮಕ್ಕಳ ಬರಹವನ್ನು ಮಕ್ಕಳಿಂದಲೇ ಅಚ್ಚು ಹಾಕಿಸಿದರು. 1926ರಲ್ಲಿ ದೇಶದ ಇನ್ನೊಂದು ತುದಿಯ ಬ್ರಿಟನಿಯ ಕಡಲತಡಿಯ ಶಾಲೆಯೊಂದಿಗೆ, ಅಲ್ಲಿನ ಶಿಕ್ಷಕ ರೆನೆ ಡೇನಿಯಲ್ ಮೂಲಕ, ನಿಯಮಿತ ವಿನಿಮಯ ಶುರುವಾಯಿತು. ಬೆಟ್ಟದ ಮಕ್ಕಳಿಗೆ ಗೊತ್ತಿದ್ದದ್ದು ಕಡಲಿನ ಮಕ್ಕಳಿಗೆ ಗೊತ್ತಿರಲಿಲ್ಲ. ಬಿಡಿಸಿ ಹೇಳಬೇಕಾದ ಅಗತ್ಯ ತಾನಾಗಿ ಹುಟ್ಟಿತು.

ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇಟಲಿಯ ಬಾರ್ಬಿಯಾನಾ. ಟಸ್ಕನಿಯ ಗುಡ್ಡದ ಮೇಲಿನ ಆ ಊರಿನಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ಬಡ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು, ಚರ್ಚಿನ ಮನೆಯ ಎರಡು ಕೋಣೆ ಪಾಠಕ್ಕೆ, ಇನ್ನೆರಡು ವರ್ಕ್‌ಶಾಪಿಗೆ. 1963ರಲ್ಲಿ ಪಿಯಾದೆನಾ ಬಳಿಯ ಶಿಕ್ಷಕ ಮಾರಿಯೊ ಲೋದಿ ಅಲ್ಲಿಗೆ ಬಂದು, ತಮ್ಮ ತರಗತಿಗೂ ಬಾರ್ಬಿಯಾನಾಗೂ ಪತ್ರ ನಡೆಯಲಿ ಎಂದರು. ಬಾರ್ಬಿಯಾನಾದ ಹುಡುಗರು ಒಬ್ಬೊಬ್ಬರಾಗಿ ಬರೆಯದೆ ಎಲ್ಲರೂ ಸೇರಿ ಒಂದೇ ಪತ್ರ ಬರೆದರು. ಹಾಗೆ ಸೇರಿ ಬರೆಯುವುದನ್ನು ಅವರು ಒಂದು ಕಸುಬಾಗಿಯೇ ಬೆಳೆಸಿದರು. ಹೊಳೆದದ್ದನ್ನೆಲ್ಲ ಚೀಟಿಯಲ್ಲಿ ಬರೆಯಬೇಕು, ಒಂದು ಚೀಟಿಗೆ ಒಂದೇ ವಿಚಾರ, ಒಂದೇ ಬದಿಯಲ್ಲಿ. ಆಮೇಲೆ ಎಲ್ಲವನ್ನೂ ದೊಡ್ಡ ಮೇಜಿನ ಮೇಲೆ ಹರಡಿ, ಒಂದೇ ಮಾತು ಎರಡು ಸಲ ಬಂದದ್ದನ್ನು ತೆಗೆದು, ನೆಂಟಸ್ತಿಕೆ ಇರುವ ಚೀಟಿಗಳನ್ನು ಗುಡ್ಡೆ ಮಾಡಿ, ಗುಡ್ಡೆಯೊಳಗೆ ಸಣ್ಣ ಗುಡ್ಡೆ ಮಾಡಿ, ಒಂದೊಂದನ್ನೂ ಪ್ಯಾರಾ ಮಾಡುವುದು. ಕೊನೆಗೆ ಇಲ್ಲದಿದ್ದರೂ ನಡೆಯುವ ಪದವನ್ನೆಲ್ಲ ಹೊಡೆದುಹಾಕುವುದು.

ಒಟ್ಟು ಹದಿನೈದು ಮಕ್ಕಳಿರುವ, ಒಬ್ಬರೇ ಶಿಕ್ಷಕರು ಎಲ್ಲ ತರಗತಿ ನೋಡುವ ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಇದಕ್ಕಿಂತ ಒಪ್ಪುವ ದಾರಿ ಇಲ್ಲ. ಎ4 ಹಾಳೆಯನ್ನು ಎಂಟು ಮಾಡಿ, ಮಗುವಿಗೆ ಮೂರು ಚೀಟಿ. ಬರೆಯಲು ಬಾರದ ಒಂದನೇ ತರಗತಿಯ ಮಗು ಚಿತ್ರ ಹಾಕಲಿ. ಜಗಲಿಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಕಲ್ಲು ಇಡಿ. ‘ನಮ್ಮ ಶಾಲೆ ಚೆನ್ನಾಗಿದೆ’ ಎಂಬ ಚೀಟಿ ಏಳು ಬಂದಿರುತ್ತವೆ, ಒಂದನ್ನು ಇಟ್ಟುಕೊಂಡು ಆರನ್ನು ಮಕ್ಕಳೇ ತೆಗೆಯುತ್ತಾರೆ, ಸ್ವಲ್ಪ ಹೊತ್ತಿಗೆ ಆ ಒಂದನ್ನೂ ತೆಗೆಯುತ್ತಾರೆ, ಯಾವ ಗುಡ್ಡೆಗೂ ಅದು ಸೇರುವುದಿಲ್ಲ. ಬಿಸಿಯೂಟದ ಚೀಟಿಗಳು ಮಾತ್ರ ದೊಡ್ಡ ಗುಡ್ಡೆಯಾಗಿ ಬೆಳೆಯುತ್ತವೆ. ಚೀಟಿಯ ಎರಡೂ ಬದಿಯಲ್ಲಿ ಬರೆದ ಮಗು ತನ್ನ ಹಿಂಬದಿಯ ಮಾತು ಯಾರಿಗೂ ಕಾಣಲಿಲ್ಲವೆಂದು ಅಳುವುದೂ ಉಂಟು. ಆ ನಿಯಮ ಯಾಕೆಂದು ಆಗ ಗೊತ್ತಾಗುತ್ತದೆ.

ಉತ್ತರ ಬರೆಯಲು ಕಾರಣ ಬತ್ತದಂತೆ ನೋಡಿಕೊಳ್ಳಲು ಒಂದು ಉಪಾಯವಿದೆ. ಎರಡೂ ಶಾಲೆ ಸೇರಿ ಏನನ್ನಾದರೂ ಅಳೆಯುವುದು. ಆಗುಂಬೆ ಕಡೆಯ ಶಾಲೆ ಒಂದು, ಚಳ್ಳಕೆರೆ ಕಡೆಯದ್ದು ಒಂದು ಎಂದಿಟ್ಟುಕೊಳ್ಳಿ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮುಟ್ಟುವ ಮಳೆ, ಇಲ್ಲಿ 500ರ ಆಸುಪಾಸು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗು ಮಾಡಿ ಬಾಟಲಿಗೇ ಆಲಿಕೆಯಂತೆ ಕೂರಿಸಿ, ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ತುಂಬಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿದರೆ ಮಳೆಮಾಪಕ. ನೇರ ಗೋಡೆಯ ಬಾಟಲಿಯೇ ಆಗಬೇಕು, ಸೊಂಟ ಇರುವುದು ಸುಳ್ಳು ಲೆಕ್ಕ ಕೊಡುತ್ತದೆ. ಮರ, ಸೂರಿನಿಂದ ದೂರ ಬಯಲಿನಲ್ಲಿಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಓದುವುದು, ಹವಾಮಾನ ಇಲಾಖೆ ಓದುವುದೂ ಅದೇ ಹೊತ್ತಿಗೆ. ಓದಿದ ಮೇಲೆ ಮತ್ತೆ ಸೊನ್ನೆ ಗೆರೆಗೆ ನೀರು. ಆಗುಂಬೆ ಕಡೆಯವರಿಗೆ ಬೇರೆಯದೇ ತಾಪತ್ರಯ, ಜುಲೈನಲ್ಲಿ ಬಾಟಲಿ ರಾತ್ರಿಯೇ ತುಂಬಿ ಚೆಲ್ಲಿರಬಹುದು, ಸಂಜೆಯೂ ಒಮ್ಮೆ ಓದಬೇಕು. ಈ ಪಟ್ಟಿ ಪತ್ರದ ಜತೆ ಹೋದರೆ ಪ್ರಶ್ನೆ ಕೇಳಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಇಷ್ಟು ಮಳೆ ಬಂದರೆ ಬಟ್ಟೆ ಹೇಗೆ ಒಣಗಿಸ್ತೀರಿ? ಮಳೆಯೇ ಇಲ್ಲದಿದ್ದರೆ ಶೇಂಗಾ ಏನಾಗುತ್ತೆ?

ಚಾಕಲೇಟು, ಫೋನ್ ನಂಬರು, ಮತ್ತೆ ಕೆಲವು

ಬೆಂಗಳೂರಿನ ಖಾಸಗಿ ಶಾಲೆಗೂ ಹಳ್ಳಿಯ ಸರ್ಕಾರಿ ಶಾಲೆಗೂ ಜೋಡಿ ಹಾಕುವುದು ಈಗ ಫ್ಯಾಷನ್. ಎರಡನೇ ಸುತ್ತಿಗೇ ನಗರದ ಕಡೆಯಿಂದ ಪೆನ್ನು, ಚಾಕಲೇಟು, ಹಳೆಯ ಬಟ್ಟೆ ಬರಲು ಶುರು. ಕೊಡುವ ಮಕ್ಕಳ ತಪ್ಪೇನೂ ಇಲ್ಲ. ಆದರೆ ಪಡೆದ ಮಗು ಮುಂದಿನ ಪತ್ರದಲ್ಲಿ ಧನ್ಯವಾದ ಬಿಟ್ಟು ಬೇರೇನೂ ಬರೆಯಲಾರದು. ದುಡ್ಡು ಕೊಟ್ಟು ಕೊಂಡದ್ದು ಏನೂ ಬೇಡ ಎಂಬ ನಿಯಮ ಮೊದಲ ದಿನವೇ ಇರಲಿ. ಒಣಗಿದ ಎಲೆ, ಹೊಂಗೆ ಬೀಜ, ಬಸ್ ಟಿಕೆಟ್, ಊರಿನ ಜಾತ್ರೆಯ ಕರಪತ್ರ, ಶಾಲೆಯಿಂದ ಮನೆಗೆ ಹೋಗುವ ದಾರಿಯ ನಕ್ಷೆ ಇವಿಷ್ಟು ಸಾಕು. ಎಲೆಯನ್ನು ದಿನಪತ್ರಿಕೆಯ ನಡುವೆ ಭಾರ ಹೇರಿ ಒಂದು ವಾರ ಇಡಬೇಕು, ಎರಡು ದಿನಕ್ಕೊಮ್ಮೆ ಪತ್ರಿಕೆ ಬದಲಿಸಬೇಕು. ಹಸಿ ಇದ್ದರೆ ಬೂಷ್ಟು ಹಿಡಿದು ಅಕ್ಕಪಕ್ಕದ ಪತ್ರಗಳೂ ಹಾಳು. ಹುಣಸೆ, ಬೆಲ್ಲ ಹಾಕಿದರೆ ಕಟ್ಟಿನ ಜತೆ ಇರುವೆಯೂ ಪ್ರಯಾಣ ಮಾಡುತ್ತದೆ.

ಏಳನೇ ತರಗತಿಯಿಂದ ಮೇಲೆ ಪತ್ರದ ಮೂಲೆಯಲ್ಲಿ ಫೋನ್ ನಂಬರು, ಇನ್‌ಸ್ಟಾಗ್ರಾಂ ಹೆಸರು ಬರುತ್ತದೆ. ಗದರಿಸಿದರೆ ಮುಂದಿನ ಸಲ ಸ್ಟ್ಯಾಂಪಿನ ಕೆಳಗೆ ಬರೆಯುತ್ತಾರೆ. ಮನೆ ವಿಳಾಸ, ನಂಬರು, ಫೋಟೊ ಯಾಕೆ ಬೇಡವೆಂದು ಮೊದಲೇ ಮಾತನಾಡಿ, ಟೀಚರ್ ಎರಡೂ ಕಡೆ ಓದುತ್ತಾರೆ ಎಂಬುದನ್ನೂ ಮುಚ್ಚುಮರೆ ಇಲ್ಲದೆ ಹೇಳಿರಬೇಕು. ಕದ್ದು ಓದುವುದು ಬೇರೆ, ಹೇಳಿ ಓದುವುದು ಬೇರೆ. ಅಷ್ಟು ಹೇಳಿದ ಮೇಲೂ ಕೆಲವು ಮಕ್ಕಳು ಮನೆಯಲ್ಲಿನ ಹೊಡೆತವನ್ನೋ ಅದಕ್ಕಿಂತ ಕೆಟ್ಟದ್ದನ್ನೋ ಬರೆಯುತ್ತಾರೆ, ಎದುರಿಗಿರುವ ಟೀಚರಿಗೆ ಹೇಳಲಾಗದ್ದನ್ನು ಕಾಣದ ಗೆಳತಿಗೆ. ಅಂಥ ಪತ್ರ ಅಂಚೆಗೆ ಹೋಗಬಾರದು, ಆದರೆ ಕಸದ ಬುಟ್ಟಿಗೂ ಹೋಗಬಾರದು. ಮಗುವಿನ ಜತೆ ಒಂಟಿಯಾಗಿ ಮಾತಾಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸುವುದು ಕಡ್ಡಾಯ. ‘ಶಾಲೆಯ ಮರ್ಯಾದೆ’ ಎಂಬ ಮಾತು ಅಲ್ಲಿ ಬರಲೇಬಾರದು.

ಹೊರದೇಶದ ಕನ್ನಡ ಕಲಿ ತರಗತಿಗಳ ಮಕ್ಕಳನ್ನು ನಮ್ಮ ಶಾಲೆಗಳಿಗೆ ಜೋಡಿಸುವ ಆಸೆ ಹಲವರಿಗಿದೆ. ಒಳ್ಳೆಯ ಆಸೆ, ಆದರೆ ವಯಸ್ಸಿಗೆ ವಯಸ್ಸು ಹಾಕಿದರೆ ಕೆಡುತ್ತದೆ. ವಾರಕ್ಕೊಮ್ಮೆ ಕನ್ನಡ ಕಲಿಯುವ ಹನ್ನೆರಡರ ಹುಡುಗಿಗೆ ಆರು ಸಾಲು ಬರೆಯಲು ಎರಡು ಭಾನುವಾರ ಬೇಕು, ಇಲ್ಲಿಯ ಏಳನೇ ತರಗತಿಯವಳು ಎರಡು ಪುಟ ಕೂಡಿಸಿ ಬರೆದರೆ ಅವಳಿಗೆ ಓದಲಾಗದು. ಇಲ್ಲಿಯ ಮೂರು, ನಾಲ್ಕನೇ ತರಗತಿಯ ಮಕ್ಕಳೇ ಸರಿಜೋಡಿ. ಸಾಲು ಬಿಟ್ಟು ಸಾಲು, ಬಿಡಿಸಿದ ಅಕ್ಷರ. ವರ್ಷಕ್ಕೆ ಎರಡು ಸುತ್ತಿಗಿಂತ ಹೆಚ್ಚು ಆಸೆ ಪಡಬಾರದು. ಬೀಜ, ಎಲೆ, ಮಣ್ಣು ಬಹುತೇಕ ದೇಶಗಳ ಗಡಿಯಲ್ಲಿ ನಿಲ್ಲುತ್ತವೆ, ಅದರ ಬದಲು ಎಲೆಯ ಮೇಲೆ ತೆಳು ಹಾಳೆ ಇಟ್ಟು ಕ್ರೇಯಾನ್ ಉಜ್ಜಿ ಅಚ್ಚು ತೆಗೆದು ಕಳಿಸಬಹುದು. ದೇಶಗಳ ವ್ಯಾಜ್ಯವೂ ಮಕ್ಕಳ ಪತ್ರಕ್ಕೆ ಅಡ್ಡ ಬರುತ್ತದೆ. 2025ರ ಆಗಸ್ಟ್ ಕೊನೆಗೆ ಸುಂಕದ ಜಗಳದಲ್ಲಿ ಅಮೆರಿಕಕ್ಕೆ ಭಾರತದ ಅಂಚೆಯೇ ನಿಂತು, ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಡೆನ್ಮಾರ್ಕಿನ ಸರ್ಕಾರಿ ಅಂಚೆ ಸಂಸ್ಥೆಯಂತೂ 2025ರ ಕೊನೆಗೆ ಪತ್ರ ಹಂಚುವುದನ್ನೇ ಬಿಟ್ಟಿತು.

ಇನ್ನು ಮುಗಿಸುವುದು. ಇದನ್ನು ಯಾರೂ ಯೋಚಿಸಿರುವುದಿಲ್ಲ, ಮಾರ್ಚ್‌ನಲ್ಲಿ ಪರೀಕ್ಷೆ ಬಂದು ತಾನಾಗಿ ನಿಂತುಹೋಗುತ್ತದೆ, ಏಪ್ರಿಲ್‌ನಲ್ಲಿ ಬಂದ ಒಂದೆರಡು ಪತ್ರ ಬೀಗ ಹಾಕಿದ ಶಾಲೆಯ ಬಾಗಿಲ ಸಂದಿಯಲ್ಲಿ ಉಳಿಯುತ್ತದೆ. ಜನವರಿಯ ಪತ್ರದಲ್ಲೇ ‘ಇನ್ನೊಂದೇ ಪತ್ರ ಉಳಿದಿದೆ’ ಎಂದು ಬರೆಸಬೇಕು. ಕೊನೆಯ ಮಾತು ಶುರು ಮಾಡಿದ ಶಾಲೆಯದ್ದೇ ಆಗಿರಲಿ. ಕೊನೆಯ ಪತ್ರದಲ್ಲಿ ಪ್ರಶ್ನೆ ಇರಬಾರದು, ಇದ್ದರೆ ಕರಡಿನಲ್ಲೇ ತೆಗೆಸಿ. ಮೂಲ ಪತ್ರಗಳು ಮಕ್ಕಳ ಜತೆ ಮನೆಗೆ ಹೋಗಲಿ, ಶಾಲೆಗೆ ಫೋಟೊ ಸಾಕು. ವಹಿಯ ‘ಬಾಕಿ ಪ್ರಶ್ನೆ’ ಕಾಲಂನಲ್ಲಿ ಏನಾದರೂ ಉಳಿದಿದ್ದರೆ ಬೇಸಿಗೆ ರಜೆಗೆ ಮುಂಚೆ ಆ ಮಗುವಿನ ಕೈಗೆ ಒಂದು ಪೋಸ್ಟ್ ಕಾರ್ಡು ಕೊಟ್ಟು ಬರೆಸಬೇಕು. ಏಳನೇ ತರಗತಿಯವರದ್ದನ್ನು ಮೊದಲು ನೋಡಿಕೊಳ್ಳಿ, ಜೂನ್‌ನಲ್ಲಿ ಅವರು ಬೇರೆ ಶಾಲೆಯಲ್ಲಿರುತ್ತಾರೆ.